ಹೆಂಚಿನ ಮನೆಯಲ್ಲಿ ಗಮಕ ರೆಕಾರ್ಡಿಂಗ್: ಇಂಟರ್‌ಫೇಸ್ ತಂದಾಯ್ತು, ಗುಂಯ್ ಸದ್ದು ಹೋಗ್ತಾ ಇಲ್ಲ

ತೀರ್ಥಹಳ್ಳಿ ದಾರಿ:
ಎಲ್ಲರಿಗೂ ನಮಸ್ಕಾರ. ಮೊದಲೇ ಹೇಳಿಬಿಡುತ್ತೇನೆ, ನನಗೆ ಸೌಂಡ್ ವಿಷಯದ ಗಂಧಗಾಳಿ ಇಲ್ಲ. ಕೆಲಸ ಶಿವಮೊಗ್ಗದಲ್ಲಿ, ಶನಿವಾರ ಭಾನುವಾರ ಊರಿಗೆ. ಊರೆಂದರೆ ತೀರ್ಥಹಳ್ಳಿ ದಾಟಿ ಆಗುಂಬೆ ಕಡೆ ಹೋಗುವಾಗ ಒಳಗೆ ಸಿಗುವ ಒಂದು ಮೂಲೆ. ಅಪ್ಪಯ್ಯನಿಗೆ ಈಗ 74. ನಾನು ಹುಟ್ಟುವ ಮೊದಲಿನಿಂದ ಗಮಕ ಓದುತ್ತಾರೆ, ಅಂದರೆ ಕಾವ್ಯವನ್ನು ರಾಗವಾಗಿ ಓದುವುದು. ವ್ಯಾಖ್ಯಾನಕ್ಕೆ ಪಕ್ಕದ ಮನೆ ಭಟ್ರು. ಇಬ್ಬರದ್ದೂ ಸ್ವರ ಗಟ್ಟಿ ಇರುವಾಗಲೇ ಹಿಡಿದಿಡೋಣ ಅಂತ ಎರಡು ಮೈಕ್ ಸಿಕ್ಕಿಸಿ ಸದ್ದನ್ನು ಕಂಪ್ಯೂಟರಿಗೆ ಕಳಿಸಬಹುದಾದ ಡಬ್ಬಿ, ಅಂದರೆ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಒಂದನ್ನು ಸೆಕೆಂಡ್ ಹ್ಯಾಂಡ್ ತಗೊಂಡೆ. ಅದರ ಜೊತೆ ಒಂದು ಕಂಡೆನ್ಸರ್ ಮೈಕ್ ಬಂತು. ಇನ್ನೊಂದು ಶೂರ್ ಎಸ್‌ಎಂ58, ಅದನ್ನು ಗೆಳೆಯ ಕೊಟ್ಟಿದ್ದಾನೆ.

ಕಷ್ಟ ಏನೆಂದರೆ, ರೆಕಾರ್ಡ್ ಒತ್ತಿದ ಕೂಡಲೇ ಹಿಂದೆ ಗುಂಯ್ ಅಂತ ಒಂದು ಸದ್ದು ಬಿಡದೆ ಬರುತ್ತದೆ. ತಮಾಷೆ ಅಂದರೆ, ಆ ಡಬ್ಬಿಯ ಮೈ ಮುಟ್ಟಿದರೆ ಸದ್ದು ಕಮ್ಮಿ ಆಗುತ್ತದೆ, ಕೈ ತೆಗೆದರೆ ಮತ್ತೆ ಶುರು. ಅಪ್ಪಯ್ಯ ಹೇಳುತ್ತಾರೆ, ಹಾಗಾದರೆ ನೀನು ಅದನ್ನು ಹಿಡ್ಕೊಂಡೇ ಕೂತ್ಕೋ ಅಂತ. ಎರಡನೆಯದು, ಅಪ್ಪಯ್ಯನ ಸ್ವರ ಬರೀ ಎಡಗಿವಿಯಲ್ಲಿ ಕೇಳುತ್ತದೆ, ಭಟ್ರದ್ದು ಬರೀ ಬಲಗಿವಿಯಲ್ಲಿ. ಮೂರನೆಯದು, ಹೆಡ್‌ಫೋನ್ ಹಾಕಿಕೊಂಡು ಮಾತಾಡಿದರೆ ನನ್ನ ಮಾತು ನನಗೇ ಎರಡೆರಡು ಸಲ ಕೇಳುತ್ತದೆ, ಬಾವಿಯಲ್ಲಿ ಕೂಗಿದ ಹಾಗೆ. ಡಬ್ಬಿಯೇ ಹಾಳಾಗಿದೆಯಾ? ಮೋಸ ಹೋದೆನಾ?

ಬಿಎಚ್ ರೋಡ್ ಬ್ಯಾಂಡ್:
ಸೆಕೆಂಡ್ ಹ್ಯಾಂಡ್ ತಗೊಂಡಿದ್ದೇ ತಪ್ಪು ಬ್ರೋ. ಪ್ರೀಆಂಪ್ (ಮೈಕಿನ ಸಣ್ಣ ಸದ್ದನ್ನು ದೊಡ್ಡದು ಮಾಡುವ ಭಾಗ) ಹೋಗಿರುತ್ತದೆ. ಸ್ವಲ್ಪ ಜಾಸ್ತಿ ಹಾಕಿ ಹೊಸದು ತಗೊಳ್ಳಿ, ಫೋಕಸ್‌ರೈಟ್ ಸ್ಕಾರ್ಲೆಟ್ ತರಹದ್ದು. ಎರಡೆರಡು ಸಲ ಕೇಳುವ ಪ್ರಾಬ್ಲಂ ಲೇಟೆನ್ಸಿ, ಅಂದರೆ ಸದ್ದು ತಡವಾಗಿ ಬರುವುದು. ಬಫರ್ (ಕಂಪ್ಯೂಟರ್ ಒಂದು ಸಲಕ್ಕೆ ಕೂಡಿಟ್ಟುಕೊಳ್ಳುವ ಸದ್ದಿನ ತುಣುಕು) 64 ಸ್ಯಾಂಪಲ್‌ಗೆ ಇಳಿಸಿ, ತಡ ಕಮ್ಮಿ ಮಾಡುವ ಆಸಿಯೋ ಡ್ರೈವರ್ ಹಾಕಿ, ಮುಗೀತು.

ವೈರಿಂಗ್ ಮಾಮ, ಸಾಗರ:
ತಡಿ ಮಾರಾಯ, ಪಾಪ ಅವರ ಕೈಯಲ್ಲಿ ಸುಮ್ನೆ ದುಡ್ಡು ಖರ್ಚು ಮಾಡಿಸಬೇಡ. ಮುಟ್ಟಿದರೆ ಸದ್ದು ಕಮ್ಮಿ ಆಗುತ್ತದೆ ಅಂದರಲ್ಲ, ಅಲ್ಲೇ ಉತ್ತರ ಇದೆ. ಅರ್ತಿಂಗ್ ಇಲ್ಲ.

ಲ್ಯಾಪ್‌ಟಾಪ್ ಚಾರ್ಜರ್ ಒಳಗೆ ಗಲಾಟೆ ತಡೆಯಲು ಸಣ್ಣ ಕೆಪಾಸಿಟರ್‌ಗಳು ಇರುತ್ತವೆ. ಅರ್ತ್ ವೈರ್ ಸರಿ ಇದ್ದರೆ ಅವು ಸೋರಿಸುವ ಅಷ್ಟಿಷ್ಟು ಕರೆಂಟ್ ಭೂಮಿಗೆ ಇಳಿದು ಹೋಗುತ್ತದೆ. ಇಲ್ಲದಿದ್ದರೆ ಲ್ಯಾಪ್‌ಟಾಪಿನ ಮೈ ಪೂರ್ತಿ 230ರ ಅರ್ಧದಷ್ಟು ವೋಲ್ಟ್‌ನಲ್ಲಿ ತೇಲುತ್ತಾ ಇರುತ್ತದೆ. ಕರೆಂಟ್ ತೀರಾ ಕಮ್ಮಿ, ಜೀವಕ್ಕೆ ಏನಾಗಲ್ಲ, ಆದರೆ ಬೆರಳಿಗೆ ಜುಮ್ ಅನ್ನುತ್ತದೆ. ಅದೇ ಯುಎಸ್‌ಬಿ ವೈರಿನ ದಾರಿ ಹಿಡಿದು ಇಂಟರ್‌ಫೇಸಿಗೆ ಬಂದು, ಮೈಕಿನ ಸಣ್ಣ ಸಿಗ್ನಲ್ ಜೊತೆ ಸೇರಿ ಗುಂಯ್ ಅನ್ನುತ್ತದೆ. ನಮ್ಮ ಕರೆಂಟ್ 50 ಹರ್ಟ್ಜ್, ಹಾಗಾಗಿ ಸದ್ದು 50 ಮತ್ತು 100ರಲ್ಲಿ ಜಾಸ್ತಿ. ನೀವು ಮುಟ್ಟಿದಾಗ ನೀವೇ ಅರ್ತ್ ಆಗುತ್ತೀರಿ. ನಿಮ್ಮ ಅಪ್ಪಯ್ಯ ಹೇಳಿದ್ದು ತಮಾಷೆ ಅಲ್ಲ, ಸರಿಯಾಗೇ ಹೇಳಿದ್ದಾರೆ.

ಒಂದು ಪರೀಕ್ಷೆ ಮಾಡಿ. ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ಓಡಿಸಿ. ಸದ್ದು ಹೋದರೆ ಡಬ್ಬಿ ಚೆನ್ನಾಗೇ ಇದೆ.

ಸುಮ್ನೆ ಓದುವವ:
ನಮ್ಮ ಮನೆಯಲ್ಲೂ ಇದೇ ಆಗಿತ್ತು. ಪ್ಲಗ್ಗಿನ ದಪ್ಪ ಪಿನ್ ಮುರಿದು ಹಾಕಿದೆ, ಸರಿಯಾಯ್ತು.

ವೈರಿಂಗ್ ಮಾಮ, ಸಾಗರ:
ಸ್ವಾಮೀ, ದಯವಿಟ್ಟು ಇಂಥದ್ದನ್ನು ಬರೆಯಬೇಡಿ. ಆ ದಪ್ಪ ಪಿನ್ನೇ ಅರ್ತ್. ಅದನ್ನು ಮುರಿದರೆ ಕೆಲವು ಕಡೆ ಗುಂಯ್ ನಿಲ್ಲುವುದು ನಿಜ, ಎರಡು ಸಾಮಾನು ಎರಡು ಕಡೆ ಅರ್ತ್ ಆಗಿ ನಡುವೆ ಸುತ್ತು ಬಿದ್ದಿದ್ದರೆ. ಆದರೆ ನಾಳೆ ಯಾವುದೋ ಸಾಮಾನಿನಲ್ಲಿ ಫೇಸ್ ವೈರ್ ಮೈಗೆ ತಾಗಿತು ಅಂತ ಇಟ್ಟುಕೊಳ್ಳಿ. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು, ಕಬ್ಬಿಣದ ಮೈಕ್ ಬಾಯಿಗೆ ಹಿಡಿದವನ ಗತಿ ಏನು? ಮಳೆಗಾಲದ ಮಲೆನಾಡಲ್ಲಿ ಈ ಉಪಾಯ ಬೇಡವೇ ಬೇಡ. ಸುತ್ತು ಬಿದ್ದಿದ್ದರೆ ಎಲ್ಲ ಸಾಮಾನನ್ನೂ ಒಂದೇ ಬೋರ್ಡಿಗೆ ಹಾಕಿ. ಹೆಚ್ಚಿನ ಸಲ ಅಷ್ಟೇ ಸಾಕು.

ಹೆಗ್ಗೋಡು ಹಾದಿ:
ನಾಟಕಗಳಿಗೆ ಸೌಂಡ್ ಮಾಡುವವಳು ನಾನು. ಉಳಿದ ಎರಡಕ್ಕೆ ಹೇಳುತ್ತೇನೆ.

ಎಡಗಿವಿ ಬಲಗಿವಿ ತೊಂದರೆಯೇ ಅಲ್ಲ. ಇಂಟರ್‌ಫೇಸಿನ 1ನೇ ತೂತು ಎಡಕ್ಕೆ, 2ನೇ ತೂತು ಬಲಕ್ಕೆ. ನೀವು ಆಡಾಸಿಟಿ ಸಾಫ್ಟ್‌ವೇರಿನಲ್ಲಿ ಸ್ಟೀರಿಯೋ ಇಟ್ಟು ರೆಕಾರ್ಡ್ ಮಾಡಿದ್ದೀರಿ, ಅಲ್ವಾ? ಅದು ಒಳ್ಳೆಯದೇ ಆಯಿತು. ರೆಕಾರ್ಡ್ ಆದಮೇಲೆ ಟ್ರ್ಯಾಕಿನ ಮೆನುವಿನಲ್ಲಿ ಸ್ಟೀರಿಯೋವನ್ನು ಎರಡು ಮೋನೋ ಆಗಿ ಒಡೆಯುವ ಆಯ್ಕೆ ಇದೆ. ಒಡೆದರೆ ಅಪ್ಪಯ್ಯನದ್ದು ಒಂದು ಟ್ರ್ಯಾಕ್, ಭಟ್ರದ್ದು ಒಂದು. ಒಬ್ಬರ ಸ್ವರ ಏರಿಸಬಹುದು, ಇನ್ನೊಬ್ಬರ ಕೆಮ್ಮು ಅಳಿಸಬಹುದು.

ಮಾತು ಎರಡೆರಡು ಸಲ ಕೇಳುವುದು ಯಾಕೆಂದರೆ ನಿಮಗೆ ಎರಡು ದಾರಿಯಲ್ಲಿ ಸದ್ದು ಬರುತ್ತಿದೆ. ಡಬ್ಬಿಯ ಮೇಲೆ ಡೈರೆಕ್ಟ್ ಮಾನಿಟರ್ ಅಂತ ಒಂದು ಸ್ವಿಚ್ ಇರಬೇಕು ನೋಡಿ. ಅದು ಮೈಕಿನ ಸದ್ದನ್ನು ಕಂಪ್ಯೂಟರಿಗೆ ಹೋಗುವ ಮೊದಲೇ ನಿಮ್ಮ ಕಿವಿಗೆ ಕೊಡುತ್ತದೆ. ಅದೇ ಸದ್ದು ಕಂಪ್ಯೂಟರಿನ ಒಳಗೆ ಹೋಗಿ ತಿರುಗಿ ತಡವಾಗಿ ಮತ್ತೆ ಬರುತ್ತಿದೆ. ಸ್ವಿಚ್ ಇಟ್ಟುಕೊಳ್ಳಿ, ಸಾಫ್ಟ್‌ವೇರಿನ ಕಡೆಯ ಮಾನಿಟರಿಂಗ್ ತೆಗೆಯಿರಿ.

ಬ್ಯಾಂಡಿನ ತಮ್ಮ ಹೇಳಿದ 64 ಬಫರ್ ನಿಮಗೆ ಬೇಡ. ಅದು ಅವರಂಥವರಿಗೆ, ಮೊದಲು ಬಾರಿಸಿದ ಗಿಟಾರನ್ನು ಕೇಳುತ್ತಾ ಅದರ ಮೇಲೆ ಹಾಡುವವರಿಗೆ. ಲೆಕ್ಕ ನೋಡಿ. ಸೆಕೆಂಡಿಗೆ 48,000 ಸ್ಯಾಂಪಲ್ ರೇಟಿನಲ್ಲಿ 512 ಸ್ಯಾಂಪಲ್‌ನ ಬಫರ್ ಅಂದರೆ ಹತ್ತಿರ ಹತ್ತಿರ 10.7 ಮಿಲಿಸೆಕೆಂಡ್. ಗಾಳಿಯಲ್ಲಿ ಸದ್ದು ಅಷ್ಟು ಹೊತ್ತಿಗೆ ಮೂರೂವರೆ ಮೀಟರ್ ಹೋಗುತ್ತದೆ, ಜಗಲಿಯ ಆ ತುದಿಯಲ್ಲಿ ಕೂತವರ ಮಾತು ಕೇಳಿದಷ್ಟೇ ತಡ. ಒಳಗೆ ಒಂದು ಸಲ, ಹೊರಗೆ ಒಂದು ಸಲ, ಹಾಗಾಗಿ ಎರಡರಷ್ಟು, ಮೇಲೆ ಇನ್ನೊಂಚೂರು. ಹಾಡುಗಾರನಿಗೆ ಇದು ಕಿರಿಕಿರಿ. ನಿಮ್ಮ ಅಪ್ಪಯ್ಯ ಯಾವ ಟ್ರ್ಯಾಕನ್ನೂ ಕೇಳಿಕೊಂಡು ಓದುತ್ತಿಲ್ಲವಲ್ಲ. ಹಾಗಾಗಿ ಬಫರ್ 512, ಬೇಕಿದ್ದರೆ 1024 ಇಡಿ. ಹಳೆ ಲ್ಯಾಪ್‌ಟಾಪ್ ಆದರೂ ನಡುವೆ ಟಿಕ್ ಟಿಕ್ ಬರುವುದಿಲ್ಲ. ಚಿಕ್ಕ ಬಫರ್ ಇಟ್ಟು ಕಂಪ್ಯೂಟರ್ ಏದುಸಿರು ಬಿಡುವ ಹಾಗೆ ಮಾಡಿದರೆ ಒಳ್ಳೆಯ ಪದ್ಯದ ಮಧ್ಯವೇ ಪಟ್ ಅನ್ನುತ್ತದೆ, ಅದು ನನ್ನ ಅನುಭವ.

ಬಿಎಚ್ ರೋಡ್ ಬ್ಯಾಂಡ್:
ಸರಿ ಅಕ್ಕ, ಒಪ್ಪಿದೆ. ನಾನು ನಮ್ಮ ರೂಮಿನ ಲೆಕ್ಕದಲ್ಲಿ ಹೇಳಿದೆ. ಆದರೆ ಒಂದು ಮಾತು, ಯಾರಾದರೂ ಗಿಟಾರೋ ಪಿಕಪ್ ಹಾಕಿದ ವೀಣೆಯೋ ಸಿಕ್ಕಿಸುವುದಾದರೆ ಇನ್‌ಸ್ಟ್ (ಇನ್‌ಸ್ಟ್ರುಮೆಂಟ್) ಅಂತ ಬರೆದಿರುವ ಬಟನ್ ಒತ್ತಬೇಕು. ಇಲ್ಲದಿದ್ದರೆ ಸ್ವರ ಸಪ್ಪೆಯಾಗಿ ಕಂಬಳಿ ಹೊದ್ದ ಹಾಗೆ ಬರುತ್ತದೆ. ಒಂದು ತಿಂಗಳು ನಾವು ಗಿಟಾರ್ ತಂತಿ ಬದಲಾಯಿಸ್ತಾ ಕೂತಿದ್ದೆವು.

ತೀರ್ಥಹಳ್ಳಿ ದಾರಿ:
ಮಾಮ, ಚಾರ್ಜರ್ ಕಿತ್ತ ಕೂಡಲೇ ಸದ್ದು ಮಾಯ! ಅಕ್ಕ, ಆ ಸ್ವಿಚ್ಚೂ ಸಿಕ್ಕಿತು. ನನಗೆ ಅದು ಬರೀ ಅಲಂಕಾರಕ್ಕೆ ಇದೆ ಅನಿಸಿತ್ತು. ಆದರೆ ನನ್ನ ಲ್ಯಾಪ್‌ಟಾಪಿನ ಬ್ಯಾಟರಿ ಮುಕ್ಕಾಲು ಗಂಟೆ ಬಂದರೆ ಹೆಚ್ಚು. ಅಪ್ಪಯ್ಯ ಕೂತರೆ ಎರಡು ಗಂಟೆ ಏಳುವುದಿಲ್ಲ. ಇನ್ವರ್ಟರಿಗೆ ಹಾಕಬಹುದಾ? ಮತ್ತೆ ಇನ್ನೊಂದು ಭಯ. 48 ವೋಲ್ಟ್ ಬಟನ್ ಒಂದೇ ಇದೆ, ಒತ್ತಿದರೆ ಎರಡೂ ಮೈಕಿಗೆ ಹೋಗುತ್ತದಂತೆ. ಗೆಳೆಯನ ಮೈಕ್ ಸುಟ್ಟು ಹೋದರೆ?

ಹೆಗ್ಗೋಡು ಹಾದಿ:
ಸುಡುವುದಿಲ್ಲ. ಕಂಡೆನ್ಸರ್ ಮೈಕಿಗೆ ಆ 48 ವೋಲ್ಟ್ ಊಟ, ಅದಿಲ್ಲದೆ ಅದು ಬಾಯಿಯೇ ಬಿಡುವುದಿಲ್ಲ. ಎಸ್‌ಎಂ58 ಡೈನಾಮಿಕ್ ಮೈಕ್, ಅದಕ್ಕೆ ಈ ಊಟ ಬೇಡ. ಸರಿಯಾದ ಮೂರು ಪಿನ್ನಿನ ಎಕ್ಸ್‌ಎಲ್‌ಆರ್ ವೈರ್ ಹಾಕಿದ್ದರೆ ಎರಡು ಪಿನ್ನಿಗೂ ಸಮನಾಗಿ 48 ಬರುತ್ತದೆ, ಎರಡರ ನಡುವೆ ವ್ಯತ್ಯಾಸವೇ ಇಲ್ಲ, ಹಾಗಾಗಿ ಕಾಯಿಲಿನಲ್ಲಿ ಕರೆಂಟ್ ಹರಿಯುವುದಿಲ್ಲ. ಹಳೆಯ ರಿಬ್ಬನ್ ಮೈಕ್ ಆಗಿದ್ದರೆ ಹೆದರಬೇಕಿತ್ತು. ಒಂದು ರೂಢಿ ಇಟ್ಟುಕೊಳ್ಳಿ. ಮೊದಲು ಗೇನ್ (ಮೈಕಿನ ಸದ್ದು ಏರಿಸುವ ಗುಂಡಿ) ಪೂರ್ತಿ ಇಳಿಸಿ, ವೈರ್ ಸಿಕ್ಕಿಸಿ, ಆಮೇಲೆ 48 ಒತ್ತಿ. ಇಲ್ಲದಿದ್ದರೆ ಹೆಡ್‌ಫೋನಿನಲ್ಲಿ ಧಡ್ ಅಂತ ಬಂದು ಕಿವಿ ಗುಂಯ್‌ಗುಡುತ್ತದೆ.

ವೈರಿಂಗ್ ಮಾಮ, ಸಾಗರ:
ಇನ್ವರ್ಟರ್ ಹಳೆ ಸ್ಕ್ವೇರ್ ವೇವ್ ಆದರೆ ಬೇಡ, ಗುಂಯ್ ಹೋಗಿ ಝರ್ರ್ ಬರುತ್ತದೆ. ಸೈನ್ ವೇವ್ ಆದರೆ ನಡೆಯಬಹುದು. ಆದರೆ ಮೂಲ ರೋಗ ಬಿಟ್ಟು ಬೇರೆಲ್ಲ ಮದ್ದು ಯಾಕೆ? ನಿಮ್ಮ ಊರಿನ ಎಲೆಕ್ಟ್ರಿಷಿಯನ್ ಕರೆಸಿ, ಆ ಸಾಕೆಟ್ಟಿನಲ್ಲಿ ಫೇಸ್‌ಗೂ ಅರ್ತ್‌ಗೂ ಮೀಟರ್ ಹಿಡಿಸಿ. 230ರ ಆಸುಪಾಸು ತೋರಿಸಬೇಕು. ನ್ಯೂಟ್ರಲ್‌ಗೂ ಅರ್ತ್‌ಗೂ ಒಂದೆರಡು ವೋಲ್ಟ್ ಬಂದರೆ ಸಹಜ. ನೀವೇ ಬೋರ್ಡ್ ಬಿಚ್ಚಲು ಹೋಗಬೇಡಿ.

ಪೆಂಗ್ವಿನ್ ಸೊರಬ:
ಇಷ್ಟೆಲ್ಲ ಯಾಕೆ, ಲಿನಕ್ಸ್ ಹಾಕಿ. ಕ್ಲಾಸ್ ಕಂಪ್ಲಯಂಟ್, ಅಂದರೆ ಯುಎಸ್‌ಬಿಯ ಸಾಮಾನ್ಯ ನಿಯಮದಂತೆ ನಡೆಯುವ ಡಬ್ಬಿ ಆಗಿದ್ದರೆ ಡ್ರೈವರ್ ಗೋಜೇ ಇಲ್ಲ, ಸಿಕ್ಕಿಸಿದರೆ ಕೆಲಸ ಶುರು.

ಬಿಎಚ್ ರೋಡ್ ಬ್ಯಾಂಡ್:
ಲಿನಕ್ಸ್ ಹಾಕಿದರೆ ಮನೆಯ ಅರ್ತಿಂಗೂ ಸರಿ ಹೋಗುತ್ತಾ ಅಣ್ಣ?

ಪೆಂಗ್ವಿನ್ ಸೊರಬ:
ಹ್ಹಹ್ಹ. ಇಲ್ಲ. ಆದರೆ ಇದೊಂದು ನೋಡಿ, ಡಬ್ಬಿಯನ್ನು ಪುಟಾಣಿ ಯುಎಸ್‌ಬಿ ಹಬ್ಬಿಗೆ ಹಾಕಬೇಡಿ. ಯುಎಸ್‌ಬಿ 2ರ ಒಂದು ಪೋರ್ಟ್ ಕೊಡುವುದು 5 ವೋಲ್ಟಿನಲ್ಲಿ 500 ಮಿಲಿಆಂಪ್. ಅಷ್ಟರಲ್ಲೇ ಡಬ್ಬಿ ತನ್ನ ಹೊಟ್ಟೆಯನ್ನೂ ತುಂಬಿಸಿಕೊಂಡು ಮೈಕಿಗೆ 48 ವೋಲ್ಟನ್ನೂ ಮಾಡಿಕೊಡಬೇಕು. ಹಬ್ಬಿನಲ್ಲಿ ಮೌಸು, ಪೆನ್ ಡ್ರೈವ್ ಜೊತೆ ಹಂಚಿಕೊಂಡರೆ 48 ಒತ್ತಿದ ಕೂಡಲೇ ಡಬ್ಬಿ ತಲೆ ತಿರುಗಿ ಬೀಳುತ್ತದೆ. ನೇರ ಲ್ಯಾಪ್‌ಟಾಪಿಗೇ ಹಾಕಿ.

ಮದ್ದಳೆ ಮನೆ:
ನಾವು ಕೊಪ್ಪದ ಕಡೆಯವರು. ಮಳೆಗಾಲದಲ್ಲಿ ತಾಳಮದ್ದಳೆ ರೆಕಾರ್ಡ್ ಮಾಡಿ ಪೆಟ್ಟು ತಿಂದವರು ನಾವು. ಹಾಗಾಗಿ ಕೇಳುತ್ತೇನೆ, ಗುಂಯ್ ಹೋಯಿತು ಸರಿ, ಮಳೆಗೆ ಏನು ಮಾಡುತ್ತೀರಿ? ನಿಮ್ಮದು ಆಗುಂಬೆ ಕಡೆ. ಅಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಸುರಿಯುತ್ತದೆ. ಹೆಂಚಿನ ಮೇಲೆ ಬೀಳುವ ಆ ಸದ್ದಿಗೆ ಯಾವ ಬಟನ್ನೂ ಇಲ್ಲ ಮಾರಾಯ್ರೇ.

ತೀರ್ಥಹಳ್ಳಿ ದಾರಿ:
ಅಯ್ಯೋ, ಅದನ್ನು ಹೇಳುವುದೇ ಮರೆತಿದ್ದೆ. ಜಗಲಿಯಲ್ಲಿ ಮಾಡಿದ ಮೊದಲ ರೆಕಾರ್ಡಿಂಗಿನಲ್ಲಿ ಅಪ್ಪಯ್ಯ ಮಳೆಯ ಹಿಂದೆ ಎಲ್ಲೋ ಓದುತ್ತಿದ್ದಾರೆ. ನಾಯ್ಸ್ ರಿಡಕ್ಷನ್ ಹಾಕಿ ನೋಡಿದೆ. ಮಳೆ ಹೋಯಿತು, ಆದರೆ ಅಪ್ಪಯ್ಯ ಕೆರೆಯ ಒಳಗಿಂದ ಓದಿದ ಹಾಗಾಯಿತು.

ಹೆಗ್ಗೋಡು ಹಾದಿ:
ನಾಯ್ಸ್ ರಿಡಕ್ಷನ್ ಒಂದೇ ಸಮ ಇರುವ ಸದ್ದಿಗೆ, ಫ್ಯಾನು, ಗುಂಯ್ ಇಂಥದ್ದಕ್ಕೆ, ಅದೂ ಉಪ್ಪಿನಷ್ಟು. ಶುರುವಿನಲ್ಲಿ ಹತ್ತು ಸೆಕೆಂಡ್ ಯಾರೂ ಮಾತಾಡದೆ ಖಾಲಿ ಬಿಡಿ, ಅದನ್ನು ಮಾದರಿಯಾಗಿ ಕೊಡಬಹುದು. ಮಳೆ ಏರುತ್ತಾ ಇಳಿಯುತ್ತಾ ಇರುತ್ತದೆ, ಅದಕ್ಕೆ ಹಾಕಿದರೆ ಸ್ವರವೇ ನೀರಾಗುತ್ತದೆ.

ಉಪಾಯ ಇರುವುದು ಮೈಕ್ ಎಲ್ಲಿಡುತ್ತೀರಿ ಅನ್ನುವುದರಲ್ಲಿ. ಬಾಯಿಗೂ ಮೈಕಿಗೂ ಇರುವ ದೂರ ಅರ್ಧ ಮಾಡಿದರೆ ಸ್ವರ ಸುಮಾರು 6 ಡೆಸಿಬಲ್ ಏರುತ್ತದೆ, ಮಳೆ ಇದ್ದಷ್ಟೇ ಇರುತ್ತದೆ. ಎರಡಡಿ ದೂರ ಇದ್ದರೆ ಒಂದು ಗೇಣಿಗೆ ತನ್ನಿ. ತೀರಾ ಎದುರಿಗೆ ಬೇಡ, ಬಾಯಿಯ ಒಂದು ಬದಿಗೆ, ಇಲ್ಲದಿದ್ದರೆ ‘ಭ’ ‘ಫ’ ಬಂದಾಗ ಉಸಿರು ಬಡಿಯುತ್ತದೆ.

ಮದ್ದಳೆ ಮನೆ:
ಜಗಲಿ ಬಿಟ್ಟು ಒಳಗೆ ಬನ್ನಿ. ನಿಮ್ಮ ಮನೆಗೆ ಮುಚ್ಚಿಗೆ ಇದೆಯಾ? ಹೆಂಚಿಗೂ ಕೋಣೆಗೂ ನಡುವೆ ಮರದ ಹಲಗೆಯ ಮುಚ್ಚಿಗೆ ಇದ್ದರೆ ಅರ್ಧ ಮಳೆ ಮೇಲೇ ನಿಲ್ಲುತ್ತದೆ. ಅದರ ಮೇಲೆ ಅಡಿಕೆ ಚೀಲ ಇಟ್ಟಿದ್ದರಂತೂ ಕೇಳುವುದೇ ಬೇಡ. ನಾವು ಕೊನೆಗೆ ರೆಕಾರ್ಡ್ ಮಾಡಿದ್ದು ಹಾಸಿಗೆ ಪೇರಿಸುವ ಕತ್ತಲೆ ಕೋಣೆಯಲ್ಲಿ. ಹಾಸಿಗೆ, ಕಂಬಳಿ, ಹಳೆ ಸೀರೆ ಗಂಟು. ಬೆಂಗಳೂರಿನವರು ದುಡ್ಡು ಕೊಟ್ಟು ಗೋಡೆಗೆ ಸ್ಪಂಜ್ ಅಂಟಿಸುತ್ತಾರೆ. ನಮ್ಮಲ್ಲಿ ಅಜ್ಜಿ ಮೊದಲೇ ಪೇರಿಸಿ ಇಟ್ಟಿದ್ದಾರೆ.

ಇನ್ನೊಂದು ಮಾತು, ಕಂಡೆನ್ಸರ್ ಮೈಕಿಗೆ ತೇವ ಆಗಿಬರಲ್ಲ. ಜುಲೈಯಲ್ಲಿ ಹೊರಗೇ ಬಿಟ್ಟರೆ ಚರಚರ ಅಂತ ಹುರಿಗಡಲೆ ಸದ್ದು ಶುರು. ಅಕ್ಕಿ ಡಬ್ಬಿಯಲ್ಲಿ ಇಡಿ ಅಂತ ಯಾರೋ ಹೇಳಿಯಾರು, ಬೇಡ, ಅಕ್ಕಿಯ ಧೂಳು ಒಳಗೆ ಹೋಗುತ್ತದೆ. ಬಾಯಿ ಬಿಗಿಯಾದ ಸ್ಟೀಲ್ ಡಬ್ಬಿ, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಗುಡುಗು ಶುರುವಾದರೆ ಎಲ್ಲ ವೈರೂ ಕಿತ್ತು ಇಡಿ, ನಮ್ಮ ಹಳೆ ಮಿಕ್ಸರ್ ಒಂದು ಹಾಗೇ ಹೋಯಿತು.

ಸುಮ್ನೆ ಓದುವವ:
ಒಂದು ಕೇಳಲಾ, ಬೈಯಬೇಡಿ. ಇಷ್ಟೆಲ್ಲ ಒದ್ದಾಡುವ ಬದಲು ಫೋನಿನಲ್ಲಿ ರೆಕಾರ್ಡ್ ಮಾಡಿದರೆ ಆಗಲ್ವಾ? ಈಗಿನ ಫೋನು ಚೆನ್ನಾಗೇ ಇರುತ್ತದೆ.

ಹೆಗ್ಗೋಡು ಹಾದಿ:
ಬೈಯುವಂಥದ್ದೇನಿಲ್ಲ. ಏನೂ ಇಲ್ಲದಿರುವುದಕ್ಕಿಂತ ಫೋನಿನದ್ದು ಎಷ್ಟೋ ಮೇಲು. ಆದರೆ ಫೋನು ಮಾತಿಗೆ ಅಂತ ತಯಾರಾದದ್ದು. ಬಹಳ ಆಪುಗಳು ತಾವೇ ಸದ್ದು ಏರಿಸಿ ಇಳಿಸಿ ಮಾಡುತ್ತವೆ. ಗಮಕಿ ಸಾಲಿನ ಕೊನೆಗೆ ರಾಗವನ್ನು ಸಣ್ಣಗೆ ಎಳೆದು ಬಿಡುವಾಗ, ಇದೇನೋ ಗದ್ದಲ ಅಂದುಕೊಂಡು ಆ ಬಾಲವನ್ನೇ ಕತ್ತರಿಸುತ್ತವೆ. ಭಾಮಿನಿ ಷಟ್ಪದಿಯಲ್ಲಿ ಮೂರನೇ ಸಾಲು, ಆರನೇ ಸಾಲಿನ ಕೊನೆಗೆ ಇರುವ ಆ ನಿಲುಗಡೆ ಹೋದರೆ ಇನ್ನೇನು ಉಳಿಯಿತು? ಆಮೇಲೆ ಅದನ್ನು ವಾಟ್ಸಾಪಿನಲ್ಲಿ ಕಳಿಸಿದರೆ ಇನ್ನೊಂದು ಸಲ ಹಿಂಡುತ್ತದೆ.

ಗಮಕ ಅಂದರೆ ಶಿವಮೊಗ್ಗದವರಿಗೆ ಹೇಳಬೇಕಾ? ಪಕ್ಕದ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿಯವರಿಗೆ 2022ರಲ್ಲಿ ಪದ್ಮಶ್ರೀ ಬಂದದ್ದು ಗಮಕಕ್ಕೇ. ಆದರೆ ಊರೂರಲ್ಲಿ ಓದಿದ ಎಷ್ಟು ಜನರ ಸ್ವರ ಎಲ್ಲೂ ಉಳಿದಿಲ್ಲ. ಒದ್ದಾಡಲಿ ಬಿಡಿ.

ತೀರ್ಥಹಳ್ಳಿ ದಾರಿ:
ಎರಡು ವಾರ ಆಯಿತು, ಸುದ್ದಿ ಹೇಳಬೇಕು.

ಎಲೆಕ್ಟ್ರಿಷಿಯನ್ ಬಂದರು. ಮೀಟರಿನಲ್ಲಿ ಫೇಸ್‌ಗೂ ಅರ್ತ್‌ಗೂ 70 ಚಿಲ್ಲರೆ ವೋಲ್ಟ್, ಅದೂ ನಿಂತಲ್ಲಿ ನಿಲ್ಲದೆ ಕುಣಿಯುತ್ತಿತ್ತು. ಬೋರ್ಡ್ ಬಿಚ್ಚಿದರೆ ಹಸಿರು ವೈರ್ ಸಾಕೆಟ್ಟಿಗೆ ಸೇರಿಯೇ ಇಲ್ಲ. ಚಕ್ಕುಲಿ ಹಾಗೆ ಸುತ್ತಿ, ಟೇಪ್ ಅಂಟಿಸಿ, ಹಿಂದೆ ತುರುಕಿದ್ದಾರೆ. ಅದರ ಮೇಲೆ ಹಲ್ಲಿ ಮೊಟ್ಟೆ ಎರಡು. ವೈರಿಂಗ್ ಮಾಡಿಸಿ ಹದಿನೈದು ವರ್ಷ ಆಗಿದೆ, ಅಷ್ಟು ವರ್ಷವೂ ಮೂರು ಪಿನ್ನಿನ ಸಾಕೆಟ್ ನೋಡಿ ನಾವು ನಂಬಿಕೊಂಡಿದ್ದೆವು. ಫ್ರಿಜ್ಜಿನ ಬಾಗಿಲು ಜುಮ್ ಅನ್ನುತ್ತದೆ ಅಂತ ಅಮ್ಮ ಹೇಳುತ್ತಿದ್ದದ್ದಕ್ಕೆ ನಾವೆಲ್ಲ ನಗುತ್ತಿದ್ದೆವು. ಈಗ ಅಮ್ಮನ ಸರದಿ. ವೈರ್ ಸೇರಿಸಿದರು, ಚಾರ್ಜರ್ ಹಾಕಿದೆ, ಗುಂಯ್ ಇಲ್ಲ!

ಖುಷಿಯಲ್ಲಿ ಅಪ್ಪಯ್ಯನನ್ನು ಕೂರಿಸಿದರೆ ಮತ್ತೆ ಸಣ್ಣಗೆ ಗುಂಯ್. ತಲೆ ಕೆಟ್ಟುಹೋಯಿತು. ಒಂದೊಂದೇ ಸಾಮಾನು ಆರಿಸುತ್ತಾ ಬಂದೆ. ಕೊನೆಗೆ ನೋಡಿದರೆ ಶ್ರುತಿ ಪೆಟ್ಟಿಗೆಯ ಅಡಾಪ್ಟರ್, ಮೈಕ್ ವೈರಿನ ಮೇಲೇ ಕೂತಿತ್ತು. ಅದನ್ನು ಆ ಮೂಲೆಗೆ ಸರಿಸಿದೆ, ಹೋಯಿತು.

ಬಿಎಚ್ ರೋಡ್ ಬ್ಯಾಂಡ್:
ಸೂಪರ್! ಶ್ರುತಿಯನ್ನು ಹೆಡ್‌ಫೋನಿನಲ್ಲಿ ಕೊಡಬಹುದಿತ್ತಲ್ಲ, ಮೈಕಿಗೆ ಬೀಳುತ್ತಲೇ ಇರಲಿಲ್ಲ.

ತೀರ್ಥಹಳ್ಳಿ ದಾರಿ:
ಕೊಟ್ಟೆ ಮಾರಾಯ. ಅಪ್ಪಯ್ಯ ಎರಡು ಸಾಲು ಓದಿ ತೆಗೆದಿಟ್ಟರು. ‘ಕಿವಿ ಮುಚ್ಚಿಕೊಂಡು ಯಾರಿಗೆ ಓದುವುದು? ಭಟ್ರ ಮುಖ ಕಾಣುತ್ತದೆ, ಉಸಿರು ಕೇಳುವುದಿಲ್ಲ’ ಅಂದರು. ಶ್ರುತಿ ಕೋಣೆಯಲ್ಲೇ ಇದೆ, ಸಣ್ಣಗೆ. ಇರಲಿ ಬಿಡಿ.

ಈಗ ಇನ್ನೊಂದು. ಇಬ್ಬರೂ ಒಂದೇ ಚಾಪೆಯಲ್ಲಿ ಕೂರುತ್ತಾರೆ. ಅಪ್ಪಯ್ಯನ ಮೈಕಿನಲ್ಲಿ ಭಟ್ರು, ಭಟ್ರ ಮೈಕಿನಲ್ಲಿ ಅಪ್ಪಯ್ಯ. ಎರಡೂ ಸೇರಿಸಿದರೆ ಸ್ವರ ಡಬ್ಬಿಯೊಳಗಿಂದ ಬಂದಂತೆ. ಮತ್ತೆ ತಾರಕ್ಕೆ ಹೋದಾಗ ಕೆಂಪು ದೀಪ ಹತ್ತುತ್ತದೆ.

ಹೆಗ್ಗೋಡು ಹಾದಿ:
ಮೂರರ ಲೆಕ್ಕ ಇಡಿ. ಬಾಯಿಯಿಂದ ಮೈಕಿಗೆ ಒಂದು ಗೇಣಿದ್ದರೆ, ಮೈಕಿನಿಂದ ಮೈಕಿಗೆ ಮೂರು ಗೇಣಾದರೂ ಇರಲಿ. ಪಕ್ಕಪಕ್ಕ ಬೇಡ, ಎದುರುಬದುರು ಕೂರಿಸಿ. ನಿಮ್ಮ ಎರಡೂ ಮೈಕ್ ಕಾರ್ಡಿಯಾಯ್ಡ್ ಆಗಿದ್ದರೆ ಬೆನ್ನ ಹಿಂದಿನದ್ದು ಕಮ್ಮಿ ಕೇಳುತ್ತವೆ, ಒಬ್ಬರ ಮೈಕಿನ ಬೆನ್ನು ಇನ್ನೊಬ್ಬರ ಕಡೆ ಬರುತ್ತದೆ. ಮುಖ ನೋಡಿಕೊಂಡು ಓದಿದ ಹಾಗೂ ಆಯಿತು.

ಕೆಂಪು ದೀಪ ಹತ್ತಿತು ಅಂದರೆ ಸದ್ದು ಮಿತಿ ಮೀರಿ ಒಡೆಯಿತು, ಆ ಪದ್ಯ ಹೋಯಿತು, ಆಮೇಲೆ ಯಾರಿಂದಲೂ ಪೂರ್ತಿ ರಿಪೇರಿ ಆಗಲ್ಲ. ಅಪ್ಪಯ್ಯನಿಗೆ ಅತಿ ಗಟ್ಟಿಯಾಗಿ ಓದುವ ಒಂದು ಪದ್ಯ ಓದಿಸಿ. ಅದರಲ್ಲಿ ಸದ್ದಿನ ಮೀಟರಿನ ಮುಳ್ಳು ಮೈನಸ್ 12 ಡೆಸಿಬಲ್ಲಿನ ಆಸುಪಾಸು ನಿಲ್ಲುವಂತೆ ಗೇನ್ ಇಡಿ, ಆಮೇಲೆ ಮುಟ್ಟಬೇಡಿ. ಸಣ್ಣ ಸ್ವರ ತೀರಾ ಸಣ್ಣದಾಯಿತು ಅಂತ ಹೆದರಬೇಡಿ. 16 ಬಿಟ್ ಬಿಟ್ಟು 24 ಬಿಟ್‌ನಲ್ಲಿ ಮಾಡಿ. ಲೆಕ್ಕದ ಪ್ರಕಾರ ಅತಿ ಸಣ್ಣ ಸದ್ದಿನಿಂದ ಅತಿ ದೊಡ್ಡದರವರೆಗೆ 96 ಡೆಸಿಬಲ್ ಜಾಗ ಇದ್ದದ್ದು 144 ಆಗುತ್ತದೆ. ಡಬ್ಬಿ ನಿಜವಾಗಿ ಅಷ್ಟು ಕೊಡುವುದಿಲ್ಲ, ಆದರೂ ಆಮೇಲೆ ಏರಿಸಿಕೊಳ್ಳಲು ಬೇಕಾದಷ್ಟಾಯಿತು. ಎಸ್‌ಎಂ58ಗೆ ಗೇನ್ ಜಾಸ್ತಿ ಬೇಕಾಗುತ್ತದೆ, ಗುಂಡಿ ಮುಕ್ಕಾಲು ತಿರುಗಿಸಿದರೂ ಗಾಬರಿ ಬೇಡ, ಅದರ ಸ್ವಭಾವವೇ ಹಾಗೆ.

ಪೆಂಗ್ವಿನ್ ಸೊರಬ:
ಡಿಸ್ಕಿನ ಜಾಗದ ಲೆಕ್ಕವನ್ನೂ ಹೇಳಿಬಿಡುತ್ತೇನೆ. ಸೆಕೆಂಡಿಗೆ 48,000 ಸಲ, ಪ್ರತಿ ಸಲ 3 ಬೈಟ್, ಗಂಟೆಗೆ 3,600 ಸೆಕೆಂಡ್. ಒಂದು ಮೈಕಿಗೆ ಗಂಟೆಗೆ 518 ಎಂಬಿ. ಇಬ್ಬರದ್ದೂ ಸೇರಿ ಒಂದು ಜಿಬಿಗೆ ಚೂರು ಮೇಲೆ. ವೇವ್ ಫೈಲೇ ಇಟ್ಟುಕೊಳ್ಳಿ, ಎರಡು ಹಾರ್ಡ್ ಡಿಸ್ಕಿನಲ್ಲಿ, ಒಂದು ಊರಲ್ಲಿ ಒಂದು ಶಿವಮೊಗ್ಗದಲ್ಲಿ. ಎಂಪಿ3 ಬರೀ ನೆಂಟರಿಗೆ ಕಳಿಸಲು.

ತೀರ್ಥಹಳ್ಳಿ ದಾರಿ:
ನಿನ್ನೆ ಕಾವ್ಯದ ಒಂದು ಸಂಧಿ ಪೂರ್ತಿ ಆಯಿತು. ಹಾಸಿಗೆ ಕೋಣೆ, ಮೇಲೆ ಮುಚ್ಚಿಗೆ, ಎದುರುಬದುರು. ಮಳೆ ಇದೆ, ಆದರೆ ದೂರದಲ್ಲಿ. ನಡುವೆ ಒಂದು ಕಡೆ ಕೊಟ್ಟಿಗೆಯಿಂದ ಗೌರಿ ಅಂಬಾ ಅಂದಿದ್ದಾಳೆ. ಅಳಿಸೋಣವಾ ಅಂತ ಕೇಳಿದೆ. ಅಪ್ಪಯ್ಯ ಅದಕ್ಕೆ ಉತ್ತರವೇ ಕೊಡಲಿಲ್ಲ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. ಕೇಳಿ ಮುಗಿದ ಮೇಲೆ, ‘ಹನ್ನೊಂದನೇ ಪದ್ಯದಲ್ಲಿ ಎರಡನೇ ಸಾಲು ತಪ್ಪು ಒಡೆದಿದ್ದೇನೆ, ಇಷ್ಟು ವರ್ಷ ಹಾಗೇ ಓದಿದ್ದೇನಾ?’ ಅಂತ ಭಟ್ರನ್ನು ಕೇಳಿದರು. ಭಟ್ರು, ‘ನಾನು ಹೇಳುವವನಿದ್ದೆ’ ಅಂದರು. ಯಾವಾಗಿನಿಂದ ಹೇಳುವವರಿದ್ದರೋ ಗೊತ್ತಿಲ್ಲ.

ಈಗ ಅಪ್ಪಯ್ಯ ಶುರುವಿನಿಂದ ಮತ್ತೆ ಓದುತ್ತೇನೆ ಅಂತ ಹಟ ಹಿಡಿದಿದ್ದಾರೆ. ಮುಂದಿನ ಶನಿವಾರ, ಕರೆಂಟ್ ಇದ್ದರೆ.

ಮದ್ದಳೆ ಮನೆ:
ಹಳೆಯದನ್ನು ಅಳಿಸಬೇಡಿ ಮಾರಾಯ್ರೇ. ಗೌರಿ ಇರುವುದು ಅದರಲ್ಲೇ.